ಒಂದು ಹಾಳೆ ಕೇಳಲು ಮರೆತವರಿಗೂ ಕವಚವೇ?

ಮೊದಲೇ ಹೇಳಿಬಿಡ್ತೀನಿ, ನಾನು ವಕೀಲ ಅಲ್ಲ. ಅಮೆರಿಕದ ಮಿಡ್‌ವೆಸ್ಟ್‌ನಲ್ಲಿ ಇಪ್ಪತ್ತು ವರ್ಷದಿಂದ ಕಟ್ಟಡ ಕಂಪನಿಗಳಿಗೆ ಎಸ್ಟಿಮೇಟರ್ ಆಗಿ ದುಡಿಯುತ್ತಿರುವವನು. ಎಸ್ಟಿಮೇಟರ್ ಅಂದ್ರೆ ನಕ್ಷೆ ನೋಡಿ ಎಷ್ಟು ಕಾಂಕ್ರೀಟು, ಎಷ್ಟು ವೈರು, ಎಷ್ಟು ಆಳು, ಎಷ್ಟು ದಿನ ಅಂತ ಲೆಕ್ಕ ಹಾಕುವವನು. ಈ ವಾರದ ಎಪಿಸೋಡ್‌ನಲ್ಲಿ ಈ ವಿಷಯ ಎತ್ತಿ ಅರ್ಧಕ್ಕೇ ಬಿಟ್ಟಿದ್ದೆ. ಸಿಟ್ಟು ಬಂದಾಗ ಮೈಕ್ ಮುಂದೆ ಮಾತು ಎಲ್ಲೆಲ್ಲಿಗೋ ಹೋಗುತ್ತೆ. ಅದಕ್ಕೇ ಕೂತು ಬರೀತಿದೀನಿ.

ನಮ್ಮ ಕನ್ನಡ ಕೂಟದಲ್ಲಿ ಪರಿಚಯವಾದ ಒಬ್ಬ ಹುಡುಗ ಇದ್ದಾನೆ. ಹುಡುಗ ಅಂದ್ರೆ ನಲವತ್ತು ದಾಟಿದೆ, ನನ್ನನ್ನು ‘ಅಣ್ಣಾ’ ಅಂತ ಕರೆಯೋದ್ರಿಂದ ನನಗೆ ಹುಡುಗ. ಹಾಸನದ ಕಡೆಯವನು. ಎಲೆಕ್ಟ್ರಿಕಲ್ ಕೆಲಸದ ಸಣ್ಣ ಕಂಪನಿ ಅವನದು: ಎರಡು ವ್ಯಾನು, ಏಳು ಜನ. ಕೆಲವು ವರ್ಷಗಳ ಹಿಂದೆ ಮಿಸೌರಿ ರಾಜ್ಯದ ಒಂದು ಸಣ್ಣ ಊರಿನ ಸಿಟಿಯವರು ಕಮ್ಯುನಿಟಿ ಸೆಂಟರ್ ಕಟ್ಟಿಸುತ್ತಿದ್ದರು. ದೊಡ್ಡ ಗುತ್ತಿಗೆ ಬೇರೊಂದು ಕಂಪನಿಗೆ, ವೈರಿಂಗಿನ ತುಂಡು ಗುತ್ತಿಗೆ ಇವನಿಗೆ. ಇಲ್ಲಿನ ಭಾಷೆಯಲ್ಲಿ ಸಬ್‌ಕಾಂಟ್ರಾಕ್ಟರ್. ಕೆಲಸ ಮುಗಿಯಿತು, ದೀಪ ಹತ್ತಿತು, ಇನ್‌ಸ್ಪೆಕ್ಟರ್ ಸಹಿ ಹಾಕಿದ, ಮೇಯರು ಬಂದು ರಿಬ್ಬನ್ ಕತ್ತರಿಸಿದರು. ಇವನಿಗೆ ಬರಬೇಕಾದ ಕೊನೆಯ ಮೂರು ಬಿಲ್ಲು ಮಾತ್ರ ಬರಲಿಲ್ಲ. ಸಿಟಿ ತನ್ನ ಪಾಲಿನ ದುಡ್ಡನ್ನು ದೊಡ್ಡ ಗುತ್ತಿಗೆದಾರನಿಗೆ ಕೊಟ್ಟಾಗಿತ್ತು. ಅವನು ಅದನ್ನು ಹಳೆಯ ಸಾಲಕ್ಕೆ ಸುರಿದು ಬ್ಯಾಂಕ್ರಪ್ಸಿಗೆ ಅರ್ಜಿ ಹಾಕಿದ್ದ. ದಿವಾಳಿ.

ಫೋನಿನಲ್ಲಿ ಅವನು ಕೇಳಿದ್ದು ಇಷ್ಟೇ: “ಅಣ್ಣಾ, ಕೆಲಸ ಮಾಡಿಸಿಕೊಂಡಿದ್ದು ಸಿಟಿ. ಅವರ ಕಟ್ಟಡದಲ್ಲಿ ನನ್ನ ವೈರು ಇದೆ. ಅವರು ಕೊಡಲ್ಲ ಅಂದ್ರೆ ಹೆಂಗೆ?”

ನಾನು ಕೇಳಿದೆ: “ಪೇಮೆಂಟ್ ಬಾಂಡ್ ಇರಬೇಕಲ್ಲ, ಅದರ ನಕಲು ತಗೊಂಡ್ಯಾ?”

ಎರಡು ದಿನ ಬಿಟ್ಟು ಮತ್ತೆ ಫೋನು. ಸಿಟಿ ಕ್ಲರ್ಕ್ ಫೈಲು ಪೂರ್ತಿ ಹುಡುಕಿದ್ದಾರೆ. ಬಾಂಡ್ ಇಲ್ಲ. ಅದನ್ನು ಯಾರೂ ಕೇಳಿಯೇ ಇರಲಿಲ್ಲ.

ಈ ‘ಕೇಳಿಯೇ ಇರಲಿಲ್ಲ’ ಎಂಬುದರ ಮೇಲೇ ನನ್ನ ಇವತ್ತಿನ ಜಗಳ. ಅದು ಯಾಕೆ ಅಷ್ಟು ದೊಡ್ಡ ತಪ್ಪು ಅಂತ ತಿಳಿಯಬೇಕಾದರೆ ಈ ದೇಶದಲ್ಲಿ ಸರ್ಕಾರಿ ಕಟ್ಟಡಕ್ಕೂ ಖಾಸಗಿ ಕಟ್ಟಡಕ್ಕೂ ಇರುವ ಒಂದು ವ್ಯತ್ಯಾಸ ಗೊತ್ತಿರಬೇಕು.

ನೀವು ನಿಮ್ಮ ಮನೆ ಕಟ್ಟಿಸುತ್ತಿದ್ದೀರಿ ಅನ್ನಿ. ಟೈಲ್ಸ್ ಹಾಕಿದವನಿಗೆ ನಿಮ್ಮ ಬಿಲ್ಡರ್ ದುಡ್ಡು ಕೊಡದೆ ಕೈ ಎತ್ತಿದರೆ, ಆ ಟೈಲ್ಸಿನವನು ನೇರವಾಗಿ ನಿಮ್ಮ ಮನೆಯ ಮೇಲೆ ಲೀನ್ ಹಾಕಬಹುದು. ಲೀನ್ ಎಂದರೆ ಆಸ್ತಿಯ ಮೇಲೆ ಬೀಳುವ ಋಣಭಾರ. ಅದು ತೀರುವ ತನಕ ನೀವು ಮನೆಯನ್ನು ನೆಮ್ಮದಿಯಾಗಿ ಮಾರುವ ಹಾಗಿಲ್ಲ, ಬ್ಯಾಂಕು ಮರುಸಾಲ ಕೊಡುವುದಿಲ್ಲ. ನಿಮಗೂ ಅವನಿಗೂ ಒಪ್ಪಂದ ಇಲ್ಲದಿದ್ದರೂ ಅವನ ಬೆವರು ನಿಮ್ಮ ಗೋಡೆಯಲ್ಲಿದೆ ಎಂಬುದನ್ನು ಕಾನೂನು ಒಪ್ಪುತ್ತದೆ.

ಸರ್ಕಾರಿ ಕಟ್ಟಡಕ್ಕೆ ಇದು ನಡೆಯುವುದಿಲ್ಲ. ಫೈರ್ ಸ್ಟೇಷನ್ನನ್ನು ಸಾಲಕ್ಕಾಗಿ ಹರಾಜು ಹಾಕೋಕಾಗಲ್ಲ. ಅದು ನ್ಯಾಯವೇ. ಆದರೆ ಹಾಗಾದಾಗ ದುಡಿದವನ ಕೈಯಲ್ಲಿದ್ದ ಒಂದೇ ಹಗ್ಗವೂ ಜಾರುತ್ತದೆ. ಅದಕ್ಕೆ ಬದಲಾಗಿ ಬಂದದ್ದು ಪೇಮೆಂಟ್ ಬಾಂಡ್. ನಮ್ಮ ಹಳ್ಳಿಗಳಲ್ಲಿ ಸಾಲ ಕೊಡುವಾಗ “ಜಾಮೀನು ಯಾರು?” ಅಂತ ಕೇಳ್ತಾರಲ್ಲ, ಅದೇ ಇದು. ದೊಡ್ಡ ಗುತ್ತಿಗೆದಾರ ಒಂದು ಶ್ಯೂರಿಟಿ ಕಂಪನಿಯಿಂದ ಜಾಮೀನು ಪತ್ರ ತಂದುಕೊಡಬೇಕು: “ನಾನು ನನ್ನ ಕೆಳಗಿನವರಿಗೆ, ಸಾಮಾನು ಕೊಟ್ಟವರಿಗೆ ದುಡ್ಡು ಕೊಡದಿದ್ದರೆ ಇವರು ಕೊಡುತ್ತಾರೆ.” ಫೆಡರಲ್ ಸರ್ಕಾರ 1894ರಲ್ಲಿ ಹರ್ಡ್ ಕಾಯ್ದೆ ಎಂಬ ಹೆಸರಿನಲ್ಲಿ ಇದನ್ನು ಶುರು ಮಾಡಿತು. ಅದರಲ್ಲಿ ಒಂದೇ ಬಾಂಡು, ಸರ್ಕಾರಕ್ಕೂ ಅದೇ, ದುಡಿದವರಿಗೂ ಅದೇ. ಆದ್ದರಿಂದ ದುಡಿದವರು ಸರದಿಯಲ್ಲಿ ಕೊನೆಗೆ ನಿಲ್ಲಬೇಕಾಗುತ್ತಿತ್ತು. 1935ರ ಮಿಲ್ಲರ್ ಕಾಯ್ದೆ ಅದನ್ನು ಎರಡಾಗಿ ಸೀಳಿತು. ಕೆಲಸ ಪೂರ್ತಿಯಾಗುತ್ತದೆ ಎಂಬುದಕ್ಕೆ ಒಂದು ಬಾಂಡು, ಕೂಲಿ ಮತ್ತು ಸಾಮಾನಿನ ದುಡ್ಡು ಸಿಗುತ್ತದೆ ಎಂಬುದಕ್ಕೆ ಇನ್ನೊಂದು. ನಂತರ ರಾಜ್ಯಗಳೂ ತಮ್ಮ ತಮ್ಮ ಕಾಯ್ದೆ ಮಾಡಿಕೊಂಡವು. ಕಟ್ಟಡದ ಮಂದಿ ಅವನ್ನು ‘ಮರಿ ಮಿಲ್ಲರ್’ ಕಾಯ್ದೆಗಳು ಅಂತ ಕರೀತಾರೆ.

ಬಾಂಡಿಗೆ ಖರ್ಚು ಎಷ್ಟು ಗೊತ್ತಾ? ಸಾಮಾನ್ಯವಾಗಿ ಗುತ್ತಿಗೆ ಮೊತ್ತದ ನೂರಕ್ಕೆ ಒಂದರಿಂದ ಮೂರು. ಗುತ್ತಿಗೆದಾರ ಅದನ್ನು ತನ್ನ ಬೆಲೆಯಲ್ಲೇ ಸೇರಿಸಿರುತ್ತಾನೆ. ನಾನೇ ಎಷ್ಟೋ ಸಲ ಆ ಸಾಲನ್ನು ಬಿಡ್‌ನಲ್ಲಿ ಸೇರಿಸಿದ್ದೇನೆ. ಬಾಂಡು ಕೇಳದೆ ಬಿಟ್ಟರೆ ಯೋಜನೆ ಅಷ್ಟು ಅಗ್ಗ ಕಾಣುತ್ತದೆ, ಬಾಂಡ್ ಸಿಗದಷ್ಟು ಸೊರಗಿದ ಕಂಪನಿಯೂ ಟೆಂಡರಿಗೆ ಬರುತ್ತದೆ. ಶ್ಯೂರಿಟಿ ಕಂಪನಿಯವರು ಸುಮ್ಮನೆ ಜಾಮೀನು ನಿಲ್ಲಲ್ಲ ನೋಡಿ. ಲೆಕ್ಕಪತ್ರ, ಬ್ಯಾಂಕಿನ ಪತ್ರ, ಹಿಂದಿನ ಕೆಲಸ ಎಲ್ಲ ಜಾಲಾಡುತ್ತಾರೆ. ಅವರು “ಆಗಲ್ಲ” ಅಂದ ಗುತ್ತಿಗೆದಾರನಿಗೆ ಸಿಟಿ “ಆಗಲಿ” ಅಂದರೆ, ಆ ಅಪಾಯ ಸದ್ದಿಲ್ಲದೆ ಇಳಿದು ಬರುವುದು ಎರಡು ವ್ಯಾನಿನ ಹುಡುಗನ ತಲೆಯ ಮೇಲೆ.

ಒಂದು ಮಾತು ಸೇರಿಸಲೇಬೇಕು. ಆ ಊರಿನ ಫೈಲಿನಲ್ಲಿ ಕೆಲಸ ಪೂರ್ತಿಯಾಗುವ ಬಾಂಡು ಇತ್ತು. ಸಿಟಿಯ ಬೆನ್ನು ಕಾಯುವ ಬಾಂಡು ನೆನಪಿತ್ತು, ಕೂಲಿಯವರ ಬೆನ್ನು ಕಾಯುವ ಬಾಂಡು ಮರೆತಿತ್ತು. ಮರೆವಿಗೂ ಒಂದು ಜಾಣತನ ಇರುತ್ತೆ ಅಂತ ನಮ್ಮಜ್ಜಿ ಹೇಳ್ತಿದ್ದರು.

ಸರಿ, ಈಗ ಯಾರ ಮೇಲೆ ಕೇಸು ಹಾಕೋದು? ದೊಡ್ಡ ಗುತ್ತಿಗೆದಾರನ ಮೇಲೆ ಹಾಕಿದರೆ ದಿವಾಳಿ ಕೋರ್ಟಿನ ಸಾಲಿನಲ್ಲಿ ಕೊನೆಗೆ ನಿಂತು ಡಾಲರಿಗೆ ಕೆಲವು ಸೆಂಟು. ಸಿಟಿಯ ಮೇಲೆ ಹಾಕಿದರೆ ಎರಡು ಗೋಡೆ ಎದುರಾಗುತ್ತವೆ. “ನಿನಗೂ ನಮಗೂ ಒಪ್ಪಂದವೇ ಇಲ್ಲವಲ್ಲ” ಎಂಬುದು ಒಂದು. ಸರ್ಕಾರದ ಮೇಲೆ ಅದರ ಒಪ್ಪಿಗೆ ಇಲ್ಲದೆ ದಾವೆ ಹೂಡುವಂತಿಲ್ಲ ಎಂಬ ಹಳೆಯ ತತ್ವ ಇನ್ನೊಂದು. ಹಾಗಾದರೆ ಬಾಂಡು ಕೇಳಬೇಕಿದ್ದ ಅಧಿಕಾರಿಗಳ ಮೇಲೆ ಹಾಕೋಣ ಎಂದರೆ ಅವರು ತೆಗೆಯುವ ಅಸ್ತ್ರ ಆಫಿಶಿಯಲ್ ಇಮ್ಯೂನಿಟಿ. ಕನ್ನಡದಲ್ಲಿ ಅಧಿಕಾರಿಯ ಕವಚ ಅನ್ನೋಣ.

2020ರಲ್ಲಿ ಮಿನಿಯಾಪೊಲಿಸ್‌ನ ಪ್ರತಿಭಟನೆಗಳ ಹೊತ್ತಿಗೆ ‘ಕ್ವಾಲಿಫೈಡ್ ಇಮ್ಯೂನಿಟಿ’ ಎಂಬ ಪದ ನಿಮ್ಮಲ್ಲಿ ಹಲವರ ಕಿವಿಗೆ ಬಿದ್ದಿರುತ್ತೆ. ಇಲ್ಲಿ ಹುಟ್ಟಿ ಬೆಳೆದ ಮಕ್ಕಳಿಗಂತೂ ಖಂಡಿತ. ಇದು ಅದರ ದಾಯಾದಿ, ಅದೇ ಅಲ್ಲ. ಅದು ಫೆಡರಲ್ ನಾಗರಿಕ ಹಕ್ಕಿನ ದಾವೆಗಳಲ್ಲಿ ಬರುವುದು. ಇದು ರಾಜ್ಯಗಳ ನ್ಯಾಯಾಲಯಗಳು ತೀರ್ಪಿನಿಂದ ತೀರ್ಪಿಗೆ ಬೆಳೆಸಿಕೊಂಡು ಬಂದ ನಿಯಮ. ಅದರ ಬಗ್ಗೆ ಯಾರೂ ಬೀದಿಗಿಳಿದಿಲ್ಲ, ಇಳಿಯುವುದೂ ಇಲ್ಲ. ದುಡ್ಡು ಬಾರದ ಎಲೆಕ್ಟ್ರಿಷಿಯನ್ನಿನ ವಿಡಿಯೋ ವೈರಲ್ ಆಗಲ್ಲವಲ್ಲ.

ಈ ಕವಚಗಳ ಹುಟ್ಟನ್ನು ಹುಡುಕಿಕೊಂಡು ಹೋದರೆ ನನಗೆ ನಗು ಬರುತ್ತೆ, ಹೊಟ್ಟೆ ಉರಿಯುವ ನಗು. ಅಮೆರಿಕದ ಸಾರ್ವಭೌಮ ರಕ್ಷಣೆಯ ಇತಿಹಾಸದ ಮೊದಲ ದೊಡ್ಡ ಮೊಕದ್ದಮೆ ಯಾವುದು ಅಂದುಕೊಂಡಿರಿ? ದುಡ್ಡು ಸಿಗದ ಒಬ್ಬ ಸರಬರಾಜುದಾರನದ್ದು! ಸ್ವಾತಂತ್ರ್ಯ ಯುದ್ಧದ ಕಾಲ, 1777. ದಕ್ಷಿಣ ಕೆರೊಲಿನಾದ ರಾಬರ್ಟ್ ಫರ್ಕ್ವಾರ್ ಎಂಬ ವರ್ತಕ ಜಾರ್ಜಿಯಾ ರಾಜ್ಯಕ್ಕೆ ಸಾಮಾನು ಒದಗಿಸಿದ. ದುಡ್ಡು ಬರಲಿಲ್ಲ, ಆತ ಸತ್ತೂ ಹೋದ. ಅವನ ಆಸ್ತಿ ನೋಡಿಕೊಳ್ಳುತ್ತಿದ್ದ ಅಲೆಕ್ಸಾಂಡರ್ ಚಿಸಮ್ ಸುಪ್ರೀಂ ಕೋರ್ಟಿಗೆ ಹೋದ. ಜಾರ್ಜಿಯಾ ಉತ್ತರ ಕೊಡುವುದಿರಲಿ, ಕೋರ್ಟಿಗೇ ಬರಲಿಲ್ಲ. ತಾನು ಸಾರ್ವಭೌಮ, ನನ್ನನ್ನು ಕರೆಯೋಕೆ ನೀವ್ಯಾರು ಎಂಬ ಧಾಟಿ. 1793ರಲ್ಲಿ ಐವರಲ್ಲಿ ನಾಲ್ವರು ನ್ಯಾಯಮೂರ್ತಿಗಳು ಚಿಸಮ್ ಪರ ನಿಂತರು: ಬೇರೆ ರಾಜ್ಯದ ಪ್ರಜೆಯೂ ಒಂದು ರಾಜ್ಯದ ಮೇಲೆ ದಾವೆ ಹೂಡಬಹುದು. ರಾಜ್ಯಗಳು ಬೆಚ್ಚಿಬಿದ್ದವು. ಯುದ್ಧದ ಸಾಲಗಾರರೆಲ್ಲ ಸಾಲಾಗಿ ಬಂದು ನಿಂತರೆ? ಎರಡೇ ವರ್ಷದಲ್ಲಿ, 1795ಕ್ಕೆ, ಆ ಬಾಗಿಲು ಮುಚ್ಚುವ ಹನ್ನೊಂದನೇ ತಿದ್ದುಪಡಿ ಅಂಗೀಕಾರವಾಯಿತು. ಒಬ್ಬ ಸರಬರಾಜುದಾರನ ಬಾಕಿ ಬಿಲ್ಲಿಗೆ ಉತ್ತರವಾಗಿ ಒಂದು ದೇಶ ತನ್ನ ಸಂವಿಧಾನವನ್ನೇ ತಿದ್ದಿತು. ಆ ತಿದ್ದುಪಡಿ ಸಿಟಿಗಳಿಗೆ ಅನ್ವಯಿಸುವುದಿಲ್ಲ, ಅದು ರಾಜ್ಯಗಳಿಗೆ, ಅದೂ ಫೆಡರಲ್ ಕೋರ್ಟುಗಳಲ್ಲಿ. ಸಿಟಿಗಳಿಗೆ ಆಯಾ ರಾಜ್ಯದ ಕಾನೂನೇ ಬೇರೆ ಬೇರೆ ಅಳತೆಯ ಕವಚ ಹೊಲಿದುಕೊಟ್ಟಿದೆ. ಆದರೆ ಮನೋಧರ್ಮದ ಬೇರು ಅಲ್ಲಿದೆ.

ಹಾಗಂತ ಕವಚವೇ ಬೇಡ ಅನ್ನುವವನಲ್ಲ ನಾನು. ಅಧಿಕಾರಿಯ ಕವಚಕ್ಕೆ ಒಂದು ಒಳ್ಳೆಯ ಕಾರಣ ಇದೆ. ಯಾವ ರಸ್ತೆಗೆ ಮೊದಲು ಡಾಂಬರು ಹಾಕಬೇಕು, ಮಂಜು ಬಿದ್ದ ರಾತ್ರಿ ಯಾವ ಬೀದಿಗೆ ಮೊದಲು ಉಪ್ಪು ಚೆಲ್ಲಬೇಕು, ಯಾವ ಕಟ್ಟಡ ಅಪಾಯಕಾರಿ ಎಂದು ಮುಚ್ಚಿಸಬೇಕು, ಇವೆಲ್ಲ ವಿವೇಚನೆಯ ಕೆಲಸ. ಹತ್ತು ಕಡೆ ತೂಗಿ ಒಂದು ನಿರ್ಧಾರ ಮಾಡಬೇಕು. ತಪ್ಪಾದಾಗಲೆಲ್ಲ ಮನೆ ಮಾರಿ ದಂಡ ಕಟ್ಟು ಅಂದರೆ ಯಾರೂ ನಿರ್ಧಾರ ಮಾಡುವುದಿಲ್ಲ, ಫೈಲು ಮೇಜಿನಿಂದ ಮೇಜಿಗೆ ಜಾರುತ್ತಿರುತ್ತದೆ. ಆದ್ದರಿಂದ ವಿವೇಚನೆಯಿಂದ, ಒಳ್ಳೆಯ ಮನಸ್ಸಿನಿಂದ ಮಾಡಿದ ಕೆಲಸಕ್ಕೆ ರಕ್ಷಣೆ. ಟೆಕ್ಸಸ್ ಸುಪ್ರೀಂ ಕೋರ್ಟು 1994ರಲ್ಲಿ ಲ್ಯಾಂಕಾಸ್ಟರ್ ನಗರದ ಮೊಕದ್ದಮೆಯಲ್ಲಿ ಇದನ್ನೇ ಹೇಳಿತು: ಕೆಲಸ ವಿವೇಚನೆಯದ್ದಾಗಿರಬೇಕು, ಅಧಿಕಾರದ ವ್ಯಾಪ್ತಿಯೊಳಗಿರಬೇಕು, ಸದುದ್ದೇಶದಿಂದ ಮಾಡಿರಬೇಕು. ಮೂರೂ ಇದ್ದರೆ ಕವಚ.

ಈಗ ನೀವೇ ಹೇಳಿ. ಕಾನೂನೇ “ಬಾಂಡು ಕೇಳತಕ್ಕದ್ದು” ಎಂದು ಬರೆದಿಟ್ಟಿರುವಾಗ, ಕೇಳಬೇಕೋ ಬೇಡವೋ ಎಂಬುದರಲ್ಲಿ ತೂಗಿ ನೋಡುವುದು ಏನಿದೆ? ಮಿಸೌರಿ ಕಾನೂನಿನ 107.170ನೇ ಕಲಂ, ಅಂದಾಜು ವೆಚ್ಚ 50,000 ಡಾಲರ್ ದಾಟುವ ಸಾರ್ವಜನಿಕ ಕಾಮಗಾರಿಗೆ ಬಾಂಡು ಕೇಳುವುದು ಸರ್ಕಾರಿ ಸಂಸ್ಥೆಗಳ ಕರ್ತವ್ಯ ಎಂದು ನೇರವಾಗಿ ಹೇಳುತ್ತದೆ. ‘ಕರ್ತವ್ಯ’ ಎಂಬ ಪದವೇ ಇದೆ. ‘ಇಷ್ಟವಿದ್ದರೆ’, ‘ಸೂಕ್ತವೆನಿಸಿದರೆ’ ಎಂಬ ಮಾತಿಲ್ಲ. ವಿವೇಚನೆಯ ಕೆಲಸ, ಹೇಳಿದಷ್ಟು ಮಾಡುವ ಕೆಲಸ ಎಂಬ ಎರಡರ ನಡುವಿನ ಗೆರೆ ನಾನು ಎಳೆದದ್ದಲ್ಲ. ಹೈಸ್ಕೂಲಿನಲ್ಲಿ ನೀವೆಲ್ಲ ಓದಿದ ಮಾರ್ಬರಿ–ಮ್ಯಾಡಿಸನ್ ಮೊಕದ್ದಮೆ ನೆನಪಿಸಿಕೊಳ್ಳಿ. 1803. ಪರೀಕ್ಷೆಗೆ ಬರೆದದ್ದು, ಕೋರ್ಟುಗಳು ಕಾನೂನನ್ನೇ ರದ್ದು ಮಾಡಬಹುದು ಎಂಬ ಭಾಗ. ಮರೆತದ್ದು ಇನ್ನೊಂದು ಭಾಗ. ಅಲ್ಲಿಯೂ ಜಗಳ ಒಂದು ಹಾಳೆಯದ್ದೇ! ಸಹಿಯಾಗಿ, ಮುದ್ರೆ ಬಿದ್ದ ನೇಮಕಾತಿ ಪತ್ರ ಕಚೇರಿಯಲ್ಲೇ ಉಳಿದಿತ್ತು, ಕೊಟ್ಟಿರಲಿಲ್ಲ. ರಾಜಕೀಯ ವಿವೇಚನೆಯ ವಿಷಯದಲ್ಲಿ ಅಧಿಕಾರಿಯನ್ನು ಕೋರ್ಟು ಪ್ರಶ್ನಿಸುವುದಿಲ್ಲ, ಆದರೆ ಕಾನೂನು ಒಂದು ನಿರ್ದಿಷ್ಟ ಕರ್ತವ್ಯ ಹೊರಿಸಿದ್ದು, ಅದರ ಮೇಲೆ ಒಬ್ಬ ಮನುಷ್ಯನ ಹಕ್ಕು ನಿಂತಿದ್ದರೆ, ಅವನು ಕಾನೂನಿನ ಮೊರೆ ಹೋಗಬಹುದು ಎಂಬ ಅರ್ಥದಲ್ಲಿ ಮುಖ್ಯ ನ್ಯಾಯಮೂರ್ತಿ ಮಾರ್ಷಲ್ ಬರೆದರು. ಅದಾಗಿ ಇನ್ನೂರು ವರ್ಷ ದಾಟಿದೆ.

ಆದರೂ ವಕೀಲರು ವಾದ ಹೂಡುತ್ತಾರೆ. ನಮ್ಮ ಹುಡುಗನ ಕೇಸಿನಲ್ಲಿ ಸಿಟಿಯ ಪರ ಬಂದ ಉತ್ತರದ ಪ್ರತಿಯನ್ನು ಅವನ ಅಡುಗೆಮನೆಯ ಮೇಜಿನ ಮೇಲೆ ಇಟ್ಟುಕೊಂಡು ಓದಿದೆ. ವಾದ ಹೀಗಿತ್ತು: ಬಾಂಡು ಯಾವ ಮೊತ್ತದ್ದಿರಬೇಕು, ಯಾವ ಶ್ಯೂರಿಟಿ ಕಂಪನಿ ಸಮರ್ಥ ಎಂದು ನಿರ್ಧರಿಸಲು ವಿವೇಚನೆ ಬೇಕು, ಆದ್ದರಿಂದ ಬಾಂಡಿನ ಇಡೀ ವಿಷಯವೇ ವಿವೇಚನೆಯದ್ದು. ಓಹೋ! ಊಟಕ್ಕೆ ಏನು ಮಾಡಬೇಕು ಎಂಬುದು ವಿವೇಚನೆಯಾದ್ದರಿಂದ ಮಗುವಿಗೆ ಊಟ ಹಾಕುವುದೂ ಬಿಡುವುದೂ ನನ್ನ ವಿವೇಚನೆ ಅಂದ ಹಾಗಾಯಿತು. ಬಂದ ಬಾಂಡು ಗಟ್ಟಿಯೋ ಪೊಳ್ಳೋ ಎಂದು ನೋಡುವಾಗ ಎಡವಿದ ಅಧಿಕಾರಿಗೆ ರಕ್ಷಣೆ ಕೊಡಿ, ನನ್ನ ತಕರಾರಿಲ್ಲ. ಬಾಂಡನ್ನೇ ಕೇಳದವನು ಎಡವಲೂ ಇಲ್ಲ. ಅವನು ನಡೆದೇ ಇಲ್ಲ.

ಎರಡನೆಯ ವಾದ ಇನ್ನೂ ಚೆನ್ನಾಗಿತ್ತು: ಅನುಭವವಿರುವ ಸಬ್‌ಕಾಂಟ್ರಾಕ್ಟರು ತಾನೇ ಮೊದಲು ಬಾಂಡಿನ ನಕಲು ಕೇಳಬಹುದಿತ್ತಲ್ಲ? ಕೇಳಬಹುದಿತ್ತು, ನಿಜ. ಕೇಳಬೇಕಿತ್ತು ಅಂತ ನಾನೇ ಅವನಿಗೆ ಬೈದಿದ್ದೇನೆ. ಆದರೆ ಕರ್ತವ್ಯವನ್ನು ಕಾನೂನು ಹೊರಿಸಿದ್ದು ಯಾರ ಮೇಲೆ? ಸಂಬಳ, ಪೆನ್ಷನ್ನು, ಸಿಟಿ ಅಟಾರ್ನಿ ಎಲ್ಲ ಇರುವವರು ಮರೆತರೆ ಅದು ಮಾನವ ಸಹಜ, ಬೆಳಗ್ಗೆ ಆರಕ್ಕೆ ವ್ಯಾನು ಹತ್ತುವವನು ಮರೆತರೆ ಅದು ಅವನ ಹಣೆಬರಹ. ಇದು ಯಾವ ನ್ಯಾಯ?

ನನ್ನ ಹೆಂಡತಿಯೇ ಇದನ್ನು ಓದಿ ಒಂದು ಪ್ರಶ್ನೆ ಕೇಳಿದಳು, ಅದು ಹಗುರ ಪ್ರಶ್ನೆ ಅಲ್ಲ. “ಆ ಕೌನ್ಸಿಲ್ ಮೆಂಬರ್‌ಗಳು ಯಾರು ರೀ? ಒಬ್ಬರು ರಿಟೈರ್ಡ್ ಟೀಚರು, ಒಬ್ಬರು ಹಾರ್ಡ್‌ವೇರ್ ಅಂಗಡಿಯವರು. ಅವರ ಮನೆ ಜಪ್ತಿ ಮಾಡಿಸಬೇಕಾ ನಿಮಗೆ?” ಇಲ್ಲ, ಬೇಡ. ಸಣ್ಣ ಊರಿನಲ್ಲಿ ಕೌನ್ಸಿಲ್ ಕೆಲಸ ಅಂದರೆ ಸಂಜೆ ಮೀಟಿಂಗು, ತಣ್ಣಗಿನ ಕಾಫಿ, ನಾಯಿ ಬೊಗಳುವ ದೂರು. ಅವರನ್ನು ಬೀದಿಗೆ ತರುವುದರಿಂದ ನನಗೆ ಖುಷಿಯಿಲ್ಲ. ಆದರೆ ಈ ಪ್ರಶ್ನೆಗೆ ಮಿಸೌರಿ ಕಾನೂನು ಆಗಲೇ ಉತ್ತರ ಕೊಟ್ಟಿದೆ. ಅದೇ 107.170ನೇ ಕಲಮಿನಲ್ಲಿ, ಈ ಕರ್ತವ್ಯದ ಲೋಪಕ್ಕಾಗಿ ಅಧಿಕಾರಿಗಳ ಮೇಲೆ ಬರುವ ದಾವೆಗಳಲ್ಲಿ ಸಂಸ್ಥೆಯೇ ಅವರ ಪರವಾಗಿ ಹೋರಾಡಿ ನಷ್ಟ ಭರಿಸಬಹುದು ಎಂದಿದೆ. ದುರಾಚಾರಕ್ಕೆ, ಬೇಕೆಂದೇ ಮಾಡಿದ ಉಪೇಕ್ಷೆಗೆ ಮಾತ್ರ ಆ ಸೌಲಭ್ಯ ಇಲ್ಲ. ಸ್ವಲ್ಪ ಯೋಚಿಸಿ. ಅಧಿಕಾರಿಗಳು ವೈಯಕ್ತಿಕವಾಗಿ ಹೊಣೆಯಾಗುವುದೇ ಇಲ್ಲ ಎನ್ನುವುದಾಗಿದ್ದರೆ, ಅವರ ನಷ್ಟ ಭರಿಸಿಕೊಡುವ ಮಾತನ್ನು ಶಾಸನಸಭೆ ಯಾಕೆ ಬರೆಯುತ್ತಿತ್ತು? ಮಳೆಯೇ ಬಾರದ ಊರಿನಲ್ಲಿ ಕೊಡೆ ಹಂಚುತ್ತಾರಾ?

ಅಂದರೆ ಹಾರ್ಡ್‌ವೇರ್ ಅಂಗಡಿಯವರ ಮನೆಗೆ ಏನೂ ಆಗಬೇಕಿಲ್ಲ. ದುಡ್ಡು ಸಿಟಿಯ ಬೊಕ್ಕಸದಿಂದ, ಅದರ ವಿಮೆಯಿಂದ ಬರಲಿ. ಕಟ್ಟಡ ಉಳಿದಿರುವುದು ಸಿಟಿಯ ಬಳಿ, ಬಾಂಡಿನ ಖರ್ಚು ಉಳಿಸಿಕೊಂಡದ್ದೂ ಸಿಟಿಯೇ. ಆದರೆ ‘ಭರಿಸಬಹುದು’ ಎಂಬುದು ‘ಭರಿಸಬೇಕು’ ಅಲ್ಲ. ಅಲ್ಲಿಯೇ ಮಿಸೌರಿಯ ದಾರಿ ಕುಂಟುತ್ತದೆ. ದುಡ್ಡು ಬೇಕಾದವನು ಮನುಷ್ಯರ ಹೆಸರು ಹಿಡಿದು ದಾವೆ ಹೂಡಬೇಕು, ಅವರು ಹೆದರಿ ಕವಚ ತೊಡುತ್ತಾರೆ, ಕವಚ ಒಪ್ಪಬೇಕೋ ಬೇಡವೋ ಎಂಬುದರ ಮೇಲೆಯೇ ಒಂದೆರಡು ವರ್ಷ ವಾದ. ಬಿಲ್ಲಿನ ವಿಷಯ ಆಮೇಲೆ.

ಟೆಕ್ಸಸ್‌ನಲ್ಲಿರುವ ಕನ್ನಡಿಗರೇ, ನಿಮ್ಮ ರಾಜ್ಯವನ್ನು ಬೈಯಲು ಕಾರಣಗಳು ಬೇಕಾದಷ್ಟಿವೆ, ಆದರೆ ಈ ಒಂದು ವಿಷಯದಲ್ಲಿ ಬೆನ್ನು ತಟ್ಟಬೇಕು. ಅಲ್ಲಿನ ಸರ್ಕಾರಿ ಸಂಹಿತೆಯ 2253ನೇ ಅಧ್ಯಾಯದ ಪ್ರಕಾರ ನಗರಸಭೆಗಳು 50,000 ಡಾಲರ್ ದಾಟಿದ ಕಾಮಗಾರಿಗೆ ಪೇಮೆಂಟ್ ಬಾಂಡ್ ಪಡೆಯಬೇಕು. ಪಡೆಯದಿದ್ದರೆ? ಬಾಂಡ್ ಕೊಟ್ಟಿದ್ದ ಪಕ್ಷದಲ್ಲಿ ಶ್ಯೂರಿಟಿ ಕಂಪನಿಗೆ ಎಷ್ಟು ಹೊಣೆ ಇರುತ್ತಿತ್ತೋ ಅಷ್ಟೇ ಹೊಣೆ ಆ ಸಂಸ್ಥೆಗೆ. ಮುಗೀತು. ಜಾಮೀನುದಾರನನ್ನು ಕರೆತರದಿದ್ದರೆ ನೀನೇ ಜಾಮೀನುದಾರ. ಟೀಚರಮ್ಮನ ಹೆಸರು ಕೋರ್ಟಿಗೆ ಬರುವುದಿಲ್ಲ, ವಿವೇಚನೆಯೋ ಅಲ್ಲವೋ ಎಂಬ ತರ್ಕಶಾಸ್ತ್ರ ಬೇಕಿಲ್ಲ. ಪ್ರತಿ ರಾಜ್ಯದಲ್ಲೂ ಈ ಒಂದು ವಾಕ್ಯ ಇರಬೇಕು ಎಂಬುದು ನನ್ನ ಬೇಡಿಕೆ. ಅದು ಬರುವ ತನಕ ಕೋರ್ಟುಗಳು ಬಾಂಡು ಕೇಳದವರಿಗೆ ಕವಚ ತೊಡಿಸಬಾರದು. ಒಂದೋ ಸಂಸ್ಥೆ ಹೊಣೆ, ಇಲ್ಲವೇ ಅಧಿಕಾರಿ ಹೊಣೆ. ಇಬ್ಬರೂ ಅಲ್ಲ ಎನ್ನುವುದಾದರೆ ಆ ಕರ್ತವ್ಯವನ್ನು ಕಾನೂನಿನ ಪುಸ್ತಕದಿಂದ ಅಳಿಸಿಬಿಡಿ, ಕನಿಷ್ಠ ಪಕ್ಷ ಎಲೆಕ್ಟ್ರಿಷಿಯನ್ನು ಮೋಸ ಹೋಗುವುದಿಲ್ಲ.

ಈ ಕಥೆಯನ್ನು ಕೂಟದ ಯುಗಾದಿ ಊಟದಲ್ಲಿ ಹೇಳಿದಾಗ ಒಬ್ಬರು ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತಾ, “ಇದೆಲ್ಲ ನಮ್ಮ ಇಂಡಿಯಾದಲ್ಲಿ ಆಗೋದು ಸಾರ್, ಇಲ್ಲಿ ಸಿಸ್ಟಮ್ ಇದೆ” ಅಂದರು. ಅವರಿಗೆ ಅವತ್ತು ಉತ್ತರ ಕೊಡಲಿಲ್ಲ, ಈಗ ಕೊಡ್ತೀನಿ.

ಅಲ್ಲಿ ಆಗೋದು ನಿಜ. ಕರ್ನಾಟಕದ ಗುತ್ತಿಗೆದಾರರ ಸಂಘ 2021ರಲ್ಲಿ ಪ್ರಧಾನಿಗೆ ಪತ್ರ ಬರೆದು ಶೇ. 40 ಕಮಿಷನ್ ಆರೋಪ ಮಾಡಿದ್ದು ನಿಮಗೆ ನೆನಪಿರಬಹುದು. ಮರುವರ್ಷ ಏಪ್ರಿಲ್‌ನಲ್ಲಿ ಬೆಳಗಾವಿಯ ಒಬ್ಬ ಗುತ್ತಿಗೆದಾರರು ಉಡುಪಿಯ ಲಾಡ್ಜಿನಲ್ಲಿ ಶವವಾಗಿ ಸಿಕ್ಕರು. ಬಾಕಿ ಬಿಲ್ಲಿನ ವಿವಾದದಲ್ಲಿ ಒಬ್ಬ ಸಚಿವರು ರಾಜೀನಾಮೆ ಕೊಟ್ಟರು. ಕೊನೆಗೆ ಪೊಲೀಸರು ಅವರ ವಿರುದ್ಧ ಪುರಾವೆಯಿಲ್ಲ ಎಂದು ವರದಿ ಸಲ್ಲಿಸಿದರು. ಕವಚವೂ ಅಲ್ಲಿದೆ, ಇನ್ನೂ ಗಟ್ಟಿಯಾಗಿ. ರಾಷ್ಟ್ರಪತಿ ಅಥವಾ ರಾಜ್ಯಪಾಲರ ಹೆಸರಿನಲ್ಲಿ ಆಗುವ ಸರ್ಕಾರಿ ಒಪ್ಪಂದಕ್ಕೆ ಸಹಿ ಹಾಕಿದ ಅಧಿಕಾರಿ ವೈಯಕ್ತಿಕವಾಗಿ ಹೊಣೆಯಲ್ಲ ಎಂದು ಭಾರತ ಸಂವಿಧಾನದ 299ನೇ ವಿಧಿಯೇ ಹೇಳುತ್ತದೆ. ಗುತ್ತಿಗೆದಾರ ಕಟ್ಟುವ ಭದ್ರತಾ ಠೇವಣಿ ಸರ್ಕಾರದ ರಕ್ಷಣೆಗೆ, ಅವನ ಕೆಳಗಿನ ಮೇಸ್ತ್ರಿಗಲ್ಲ.

ಆದರೆ ಅದೇ ಇಂಡಿಯಾದಲ್ಲಿ 1970ರಲ್ಲೇ ಗುತ್ತಿಗೆ ಕಾರ್ಮಿಕರ ಕಾಯ್ದೆ ಬಂತು. ಗುತ್ತಿಗೆದಾರ ಕೂಲಿ ಕೊಡದಿದ್ದರೆ ಮೂಲ ಮಾಲೀಕನೇ ಕೊಡಬೇಕು ಎಂದು ಅದರಲ್ಲಿ ಬರೆದಿತ್ತು. ‘ಮೂಲ ಮಾಲೀಕ’ ಎನ್ನುವಾಗ ಸರ್ಕಾರಿ ಇಲಾಖೆಗಳೂ ನಗರಸಭೆಗಳೂ ಅದರಲ್ಲಿ ಸೇರಿದ್ದವು. 1993ರ ನವೆಂಬರ್‌ನಲ್ಲಿ ಲಖನೌ ಅಭಿವೃದ್ಧಿ ಪ್ರಾಧಿಕಾರದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಅಧಿಕಾರಿಗಳ ಕಿರುಕುಳಕ್ಕೆ ಸಿಕ್ಕವನಿಗೆ ಪರಿಹಾರವನ್ನು ಸಾರ್ವಜನಿಕ ಹಣದಿಂದ ತಕ್ಷಣ ಕೊಡಿ, ಆಮೇಲೆ ತಪ್ಪು ಮಾಡಿದ ಅಧಿಕಾರಿಗಳಿಂದ ವಸೂಲಿ ಮಾಡಿ ಎಂದಿತು. ನೊಂದವನು ಕಾಯಬೇಕಿಲ್ಲ, ಹೊಣೆ ಯಾರದು ಎಂದು ಸಂಸ್ಥೆಯೇ ತನ್ನೊಳಗೆ ಬಗೆಹರಿಸಿಕೊಳ್ಳಲಿ. ಜಾರಿಗೆ ಬಂತಾ ಅಂತ ಕೇಳಬೇಡಿ, ಅದು ಬೇರೆ ಎಪಿಸೋಡು. ಆದರೆ ಯಾರನ್ನು ಮೊದಲು ನೋಡಬೇಕು ಎಂಬ ತಿಳಿವಳಿಕೆಯಲ್ಲಿ ಆ ತೀರ್ಪು ಮಿಸೌರಿಯ ಆ ಊರಿನ ವಕೀಲರ ಉತ್ತರಕ್ಕಿಂತ ಎಷ್ಟೋ ಮೇಲು. ‘ಸಿಸ್ಟಮ್’ ಅಂದರೆ ಕಾನೂನು ಪುಸ್ತಕದಲ್ಲಿರುವುದಲ್ಲ ಸ್ವಾಮಿ, ಫೈಲಿನಲ್ಲಿರುವುದು.

ಮತ್ತೆ, ನಮ್ಮವರು ಈಗ ಆ ಫೈಲಿನ ಎರಡೂ ಕಡೆ ಇದ್ದಾರೆ. ಸಿಟಿ ಹಾಲ್‌ಗಳಲ್ಲಿ ಎಂಜಿನಿಯರುಗಳಾಗಿ, ಪರ್ಚೇಸಿಂಗ್ ವಿಭಾಗದಲ್ಲಿ, ಕೆಲವು ಊರುಗಳಲ್ಲಿ ಕೌನ್ಸಿಲ್ಲಿಗೆ ಸ್ಪರ್ಧಿಸುತ್ತಾ. ಎರಡನೇ ತಲೆಮಾರಿನ ನೀವು ನಾಳೆ ಅಲ್ಲಿ ಇನ್ನೂ ಹೆಚ್ಚು ಇರುತ್ತೀರಿ. ನಿಮ್ಮ ಅಪ್ಪನಿಗೋ ತಾತನಿಗೋ ‘ಬಟವಾಡೆ’ ಎಂಬ ಪದದ ಅರ್ಥ ಕೇಳಿ. ಶನಿವಾರ ಸಂಜೆ ಗಾರೆ ಕೆಲಸದವರು ಸಾಲಾಗಿ ಕೂತು ವಾರದ ಕೂಲಿಗೆ ಕಾಯುವುದು. ನನ್ನ ಸೋದರಮಾವ ಸರ್ಕಾರಿ ಕೆಲಸದ ಗುತ್ತಿಗೆದಾರರ ಹತ್ತಿರ ಮೇಸ್ತ್ರಿಯಾಗಿದ್ದರು. ಬಿಲ್ಲು ಬಾರದ ವಾರಗಳಲ್ಲಿ ಅವರು ಅತ್ತೆಯ ಬಳೆ ಅಡವಿಟ್ಟು ಬಟವಾಡೆ ಮಾಡುತ್ತಿದ್ದರು, ಯಾಕಂದರೆ ಕೂಲಿಯವರು ಕೇಳುತ್ತಿದ್ದದ್ದು ಎಂಜಿನಿಯರನ್ನಲ್ಲ, ಇವರನ್ನು. ನಮ್ಮ ಹಾಸನದ ಹುಡುಗನ ಏಳು ಜನರಿಗೆ ಶುಕ್ರವಾರ ಚೆಕ್ಕು ಹೋಗಬೇಕಿತ್ತು. ಅವರಲ್ಲಿ ಇಬ್ಬರು ಗ್ವಾಟೆಮಾಲಾದವರು, ಪ್ರತಿ ವಾರ ಊರಿಗೆ ದುಡ್ಡು ಕಳಿಸುವವರು. ಇವನು ಒಂದು ವ್ಯಾನು ಮಾರಿದ, ಅವರ ಸಂಬಳ ತಪ್ಪಿಸಲಿಲ್ಲ. ಇಮ್ಯೂನಿಟಿ ಎಂಬ ಪದ ಅವನಿಗೆ ಲಭ್ಯವಿರಲಿಲ್ಲ.

ನಿಮ್ಮಲ್ಲಿ ಯಾರಾದರೂ ಇಂಥ ತುಂಡು ಗುತ್ತಿಗೆ ಮಾಡುವವರಿದ್ದರೆ ಕೆಲಸಕ್ಕೆ ಬರುವ ಎರಡು ಮಾತು. ಸಾಮಾನು ಇಳಿಸುವ ಮೊದಲೇ ಬಾಂಡಿನ ನಕಲು ಕೇಳಿ, ಕಂಪನಿಯವರು ಕೊಡದಿದ್ದರೆ ಸಿಟಿ ಕ್ಲರ್ಕನ್ನೇ ಕೇಳಿ. ಬಾಂಡಿದ್ದರೂ ಗಡುವು ತಪ್ಪಿದರೆ ಅದು ರದ್ದಿ. ಫೆಡರಲ್ ಕೆಲಸದಲ್ಲಿ ನೀವು ಸಬ್‌ನ ಕೆಳಗಿನ ಸಬ್ ಆಗಿದ್ದರೆ ನಿಮ್ಮ ಕೊನೆಯ ದಿನದ ಕೆಲಸದಿಂದ 90 ದಿನದೊಳಗೆ ಮುಖ್ಯ ಗುತ್ತಿಗೆದಾರನಿಗೆ ನೋಟಿಸ್ ಹೋಗಬೇಕು, ಒಂದು ವರ್ಷದೊಳಗೆ ದಾವೆ. ಟೆಕ್ಸಸ್‌ನಲ್ಲಿ ದುಡಿದ ತಿಂಗಳಾದ ಮೇಲಿನ ಮೂರನೇ ತಿಂಗಳ 15ನೇ ತಾರೀಖಿನೊಳಗೆ ನೋಟಿಸ್. ಬೇರೆ ರಾಜ್ಯಗಳಲ್ಲಿ ಬೇರೆ ಲೆಕ್ಕ, ಅಲ್ಲಿನ ವಕೀಲರನ್ನೇ ಕೇಳಿ. ನೋಡಿ ತಮಾಷೆ: ದುಡ್ಡು ಕೇಳುವವನು ಒಂದು ದಿನ ತಡಮಾಡಿದರೆ ಕಾನೂನು ಅವನ ಮರೆವನ್ನು ಮನ್ನಿಸಲ್ಲ. ಅವನ ನೋಟಿಸಿಗೆ ವಿವೇಚನೆ ಬೇಕಿತ್ತು ಎಂದು ಯಾವ ಕೋರ್ಟೂ ವಾದ ಕೇಳುವುದಿಲ್ಲ.

ಅವನ ಕೇಸು ಎರಡು ವರ್ಷ ನಡೆದು, ಕವಚದ ಪ್ರಶ್ನೆಗೆ ನ್ಯಾಯಾಧೀಶರು ಉತ್ತರ ಕೊಡುವ ಮೊದಲೇ ರಾಜಿಯಲ್ಲಿ ಮುಗಿಯಿತು. ಬಾಕಿಯ ಅರ್ಧಕ್ಕಿಂತ ಕಡಿಮೆ ಬಂತು, ಅದರಲ್ಲೇ ವಕೀಲರ ಪಾಲು ಹೋಯಿತು. ಸಿಟಿ ತಪ್ಪೊಪ್ಪಿಕೊಳ್ಳಲಿಲ್ಲ, ರಾಜಿ ಪತ್ರದಲ್ಲಿ ಹಾಗಂತ ದಪ್ಪ ಅಕ್ಷರದಲ್ಲೇ ಬರೆದಿದೆ. ಕಳೆದ ತಿಂಗಳು ಬೇರೆ ಊರಿನ ಲೈಬ್ರರಿ ಕೆಲಸ ಸಿಕ್ಕಿದೆ ಅವನಿಗೆ. ಬಾಂಡಿನ ನಕಲು ಬೇಕು ಅಂದಾಗ ಅಲ್ಲಿನ ಪ್ರಾಜೆಕ್ಟ್ ಮ್ಯಾನೇಜರು, “ಇದುವರೆಗೂ ಯಾವ ಸಬ್ಬೂ ಇದನ್ನ ಕೇಳಿಲ್ಲ” ಅಂದನಂತೆ. ಮೂರು ದಿನ ಹುಡುಗರಿಗೆ ಬೇರೆ ಕಡೆ ಕೆಲಸ ಕೊಟ್ಟು, ನಾಲ್ಕನೇ ದಿನ ಆ ಹಾಳೆ ಇಮೇಲಿಗೆ ಬಂದ ಮೇಲೆ ವ್ಯಾನಿನಿಂದ ಏಣಿ ಇಳಿಸಿದ. ಹಾಳೆಯ ಫೋಟೋ ನನಗೂ ಕಳಿಸಿದ್ದಾನೆ, ಕೆಳಗೆ ಒಂದೇ ಸಾಲು: “ಅಣ್ಣಾ, ಸಹಿ ಸರಿಯಾಗಿದೆಯಾ ನೋಡು.”